ಮೊದಲು ಖಾಲಿ ವೆಲ್ ನೋಡಿ

ಆಹಾರದಲ್ಲಿರುವ ವಸ್ತುಗಳು ನಮ್ಮ ಜೀವಕೋಶಗಳಿಗೆ ಏನು ಮಾಡುತ್ತವೆ ಅಂತ ನೋಡುವುದು ನನ್ನ ಕೆಲಸ. ಹೆಚ್ಚಿನ ಹೊತ್ತು ಪಾಲಿಫಿನಾಲ್‌ಗಳ ಜೊತೆಯಲ್ಲೇ ಕಳೆಯುತ್ತದೆ. ಎಷ್ಟೋ ಹಣ್ಣುಗಳ ಕೆಂಪು, ನೇರಳೆ ಬಣ್ಣಕ್ಕೂ ಚಹಾದ ಒಗರಿಗೂ ಇವೇ ಕಾರಣ. ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ನಾನು ಮೊದಲು ಹೇಳಿಕೊಡುವುದು ಒಂದೇ ವಿಷಯ. ಪ್ರಯೋಗದ ಪ್ಲೇಟ್‌ನಲ್ಲಿ ಸಾಲುಸಾಲಾಗಿ ಪುಟ್ಟ ಗುಳಿಗಳಿರುತ್ತವೆ, ಅವೇ ವೆಲ್‌ಗಳು. ಅವುಗಳಲ್ಲಿ ಜೀವಕೋಶಗಳೇ ಇಲ್ಲದ ಒಂದು ಸಾಲು ಇಡಿ. ಮಿಕ್ಕ ಎಲ್ಲವನ್ನೂ ಅಲ್ಲೂ ಹಾಕಿ. ರೀಡಿಂಗ್ ಬಂದ ಕೂಡಲೇ ಆ ಸಾಲನ್ನೇ ಮೊದಲು ನೋಡಿ.

ಕೋಶಗಳು ಎಷ್ಟು ಬದುಕಿವೆ ಅಂತ ತಿಳಿಯಲು ಎಷ್ಟೋ ಲ್ಯಾಬ್‌ಗಳಲ್ಲಿ ಎಂಟಿಟಿ ಪರೀಕ್ಷೆ ಮಾಡುತ್ತಾರೆ. 1983ರಲ್ಲಿ ಬಂದ ವಿಧಾನ, ಈಗಲೂ ಚೆನ್ನಾಗಿ ನಡೆಯುತ್ತದೆ. ಎಂಟಿಟಿ ಹಳದಿ ಬಣ್ಣದ್ದು. ಬದುಕಿರುವ ಕೋಶಗಳು ಅದಕ್ಕೆ ಎಲೆಕ್ಟ್ರಾನ್ ಕೊಟ್ಟು ಫಾರ್ಮಜಾನ್ ಅನ್ನುವ ನೇರಳೆ ಹರಳುಗಳಾಗಿ ಮಾಡುತ್ತವೆ. ಹರಳುಗಳನ್ನು ಕರಗಿಸಿ 570 ನ್ಯಾನೋಮೀಟರ್‌ನಲ್ಲಿ ಓದಿದರೆ ಆಯಿತು. ನೇರಳೆ ಹೆಚ್ಚಿದ್ದಷ್ಟೂ ಬದುಕಿರುವ ಕೋಶಗಳು ಜಾಸ್ತಿ ಅಂತ ಲೆಕ್ಕ.

ಪಾಲಿಫಿನಾಲ್‌ಗಳ ವಿಷಯದಲ್ಲಿ ಈ ಲೆಕ್ಕ ಕೈಕೊಡುತ್ತದೆ. ಎಲೆಕ್ಟ್ರಾನ್ ಕೊಡುವುದು ಅವುಗಳ ಸ್ವಭಾವವೇ. ಅದಕ್ಕೇ ಅಲ್ವಾ ಅವನ್ನು ಆಂಟಿಆಕ್ಸಿಡೆಂಟ್ ಅಂತ ಕರೆಯುವುದು? ಕೋಶ ಇರಲಿ, ಬಿಡಲಿ, ಅವು ತಾವೇ ಎಂಟಿಟಿಯನ್ನು ನೇರಳೆ ಮಾಡಬಲ್ಲವು.

ಕ್ವೆರ್ಸೆಟಿನ್ ಅನ್ನುವ ಪಾಲಿಫಿನಾಲನ್ನು ಪರೀಕ್ಷಿಸುತ್ತಿದ್ದ ನಮ್ಮ ಲ್ಯಾಬ್‌ನ ವಿದ್ಯಾರ್ಥಿನಿಯೊಬ್ಬಳು ಒಂದು ಸಂಜೆ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದಳು. "ಮೇಡಂ, ಕ್ವೆರ್ಸೆಟಿನ್ ಹಾಕಿದ ಕಡೆ ಬದುಕಿರುವ ಕೋಶಗಳ ಲೆಕ್ಕ ನೂರು ಪರ್ಸೆಂಟ್ ದಾಟಿದೆ. ಕೋಶಗಳು ಜಾಸ್ತಿ ಬೆಳೆದಿವೆ ಅನ್ಸುತ್ತೆ."

"ಖಾಲಿ ಸಾಲು ಏನು ಹೇಳುತ್ತೆ ನೋಡಮ್ಮ."

ಪ್ಲೇಟನ್ನು ಬೆಳಕಿಗೆ ಹಿಡಿದು ನೋಡಿದೆವು. ಕೋಶಗಳೇ ಇಲ್ಲದ ವೆಲ್‌ಗಳೂ ನೇರಳೆಯಾಗಿದ್ದವು. ಕ್ವೆರ್ಸೆಟಿನ್ ಪ್ರಮಾಣ ಹೆಚ್ಚಿದ ಹಾಗೆ ಬಣ್ಣವೂ ಮೆಟ್ಟಿಲು ಮೆಟ್ಟಿಲಾಗಿ ಗಾಢವಾಗಿತ್ತು. ನೋಡಲು ಎಷ್ಟು ಚೆಂದದ ಡೋಸ್ ಕರ್ವ್! ಅದಕ್ಕೂ ಕೋಶಗಳಿಗೂ ಸಂಬಂಧವೇ ಇರಲಿಲ್ಲ. ಆ ಸಾಲು ಇಟ್ಟಿದ್ದಕ್ಕೆ ಅವಳನ್ನು ಮೆಚ್ಚಿಕೊಂಡೆ. ಮುಂದಿನ ಪ್ಲೇಟ್‌ನಲ್ಲಿ ಎಂಟಿಟಿ ಹಾಕುವ ಮೊದಲು ಬಫರ್ ದ್ರಾವಣದಲ್ಲಿ ತೊಳೆದು ಕ್ವೆರ್ಸೆಟಿನ್ನನ್ನು ತೆಗೆದಳು. ಜೊತೆಗೆ ಸತ್ತ ಕೋಶಗಳಿಗೆ ಮಾತ್ರ ನೀಲಿ ಬಣ್ಣ ಹತ್ತಿಸುವ ಟ್ರೈಪಾನ್ ಬ್ಲೂ ಹಾಕಿ ಕೋಶಗಳನ್ನು ಮೈಕ್ರೋಸ್ಕೋಪ್ ಕೆಳಗೆ ಎಣಿಸಿದಳು. ಪಾಲಿಫಿನಾಲ್ ಕೆಲಸದಲ್ಲಿ ಎರಡು ಬೇರೆ ಬೇರೆ ವಿಧಾನ ಒಂದೇ ಮಾತು ಹೇಳುವ ತನಕ ನಾನು ಫಲಿತಾಂಶವನ್ನು ನಂಬುವುದಿಲ್ಲ.

ಖಾಲಿ ವೆಲ್ ಇನ್ನೊಂದು ವಿಷಯವನ್ನೂ ತೋರಿಸುತ್ತದೆ. ಇದು ಇನ್ನೂ ಮುಖ್ಯ. ಹಸಿರು ಚಹಾದಲ್ಲಿರುವ ಇಜಿಸಿಜಿಯಂಥ ಪಾಲಿಫಿನಾಲ್‌ಗಳು ಕೋಶ ಬೆಳೆಸುವ ದ್ರವದಲ್ಲಿ, ಅಂದರೆ ಮೀಡಿಯಂನಲ್ಲಿ, ಸುಮ್ನೆ ಕೂರುವುದಿಲ್ಲ. 37 ಡಿಗ್ರಿ ಬಿಸಿ, 7.4ರ ಆಸುಪಾಸಿನ ಪಿಎಚ್, ಗಾಳಿಯ ಆಮ್ಲಜನಕ, ಇಷ್ಟು ಸಿಕ್ಕರೆ ಅವು ಒಡೆಯತೊಡಗುತ್ತವೆ. ಒಡೆಯುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಕ್ಯಾನ್ಸರ್ ಕೋಶಗಳು ಸತ್ತವು ಅಂತ ನಾವು ಸಂಭ್ರಮಿಸುವಾಗ ಅವನ್ನು ಕೊಂದಿದ್ದು ಆ ಪೆರಾಕ್ಸೈಡ್ ಆಗಿರಬಹುದು. ಅದು ಹುಟ್ಟಿದ್ದು ನಮ್ಮ ಡಿಶ್‌ನಲ್ಲಿ. ಚಹಾ ಕುಡಿದವರ ದೇಹದಲ್ಲೂ ಹಾಗೇ ಆಗುತ್ತದೆ ಅನ್ನುವುದಕ್ಕೆ ಇದು ಸಾಕ್ಷಿಯಾಗುವುದಿಲ್ಲ.

ಇದನ್ನು ಪತ್ತೆ ಮಾಡುವುದು ಕಷ್ಟವಲ್ಲ. ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುವ ಕ್ಯಾಟಲೇಸ್ ಕಿಣ್ವವನ್ನು ಒಂದು ಸಾಲಿಗೆ ಸೇರಿಸಿ. ಕೋಶಗಳು ಆಗ ಬದುಕಿಬಿಟ್ಟರೆ ಕೊಲೆಗಾರ ಯಾರು ಅಂತ ಗೊತ್ತಾಯಿತು. ಮೀಡಿಯಂ ಬಾಟಲಿಯ ಲೇಬಲ್ಲನ್ನೂ ಓದಿ. ಅದರಲ್ಲಿ ಸೋಡಿಯಂ ಪೈರುವೇಟ್ ಇದ್ದರೆ ಅದೂ ಪೆರಾಕ್ಸೈಡನ್ನು ನುಂಗಿಹಾಕುತ್ತದೆ. ಒಂದೇ ವಸ್ತು, ಒಂದೇ ಕೋಶ, ಆದರೂ ಎರಡು ಲ್ಯಾಬ್‌ಗಳಲ್ಲಿ ಎರಡು ಉತ್ತರ ಬಂದರೆ ನಾನು ಮೊದಲು ಕೇಳುವುದು ಈ ಲೇಬಲ್ ಬಗ್ಗೆಯೇ.

ಇಷ್ಟೆಲ್ಲ ದಾಟಿ ಬಂದ ಫಲಿತಾಂಶಕ್ಕೂ ಒಂದು ಪ್ರಶ್ನೆ ಉಳಿದಿರುತ್ತದೆ: ಎಷ್ಟು ಹಾಕಿದಿರಿ? ದ್ರವದಲ್ಲಿ ಒಂದು ವಸ್ತು ಎಷ್ಟು ಸಾಂದ್ರವಾಗಿದೆ ಅನ್ನುವುದನ್ನು ಮೈಕ್ರೋಮೋಲಾರ್‌ನಲ್ಲಿ ಅಳೆಯುತ್ತೇವೆ. ಡಿಶ್‌ನಲ್ಲಿ 50, 100 ಮೈಕ್ರೋಮೋಲಾರ್ ಹಾಕುವುದು ಮಾಮೂಲು. ಒಂದು ಕಪ್ ಹಸಿರು ಚಹಾ ಕುಡಿದವರ ರಕ್ತದಲ್ಲಿ ಇಜಿಸಿಜಿ ಸಾಮಾನ್ಯವಾಗಿ 1 ಮೈಕ್ರೋಮೋಲಾರನ್ನೂ ಮುಟ್ಟುವುದಿಲ್ಲ. ಕ್ವೆರ್ಸೆಟಿನ್ ಕಥೆ ಇನ್ನೂ ಬೇರೆ. ಸಸ್ಯದಲ್ಲಿ ಅದು ಹೆಚ್ಚಾಗಿ ಸಕ್ಕರೆಗೆ ಅಂಟಿಕೊಂಡಿರುತ್ತದೆ. ಕರುಳಿನಲ್ಲಿ ಆ ಸಕ್ಕರೆ ಕಳಚುತ್ತದೆ. ಕರುಳಿನ ಗೋಡೆ ಮತ್ತು ಯಕೃತ್ತು ಸೇರಿ ಅದಕ್ಕೆ ಗ್ಲುಕುರೊನೈಡ್, ಸಲ್ಫೇಟ್ ಗುಂಪುಗಳನ್ನು ಅಂಟಿಸುತ್ತವೆ. ರಕ್ತದಲ್ಲಿ ಓಡಾಡುವುದು ಬಹುತೇಕ ಈ ವೇಷದಲ್ಲೇ. ನಾವು ಬಾಟಲಿಯಿಂದ ತೆಗೆದು ಹಾಕುವ ಬರಿಯ ಕ್ವೆರ್ಸೆಟಿನ್ನನ್ನು ರಕ್ತನಾಳದ ಕೋಶಗಳು ನೋಡುವುದೇ ಅಪರೂಪ. ಗ್ಲುಕುರೊನೈಡ್ ಅಂಟಿರುವ ಕ್ವೆರ್ಸೆಟಿನ್ ತರಿಸುವುದಕ್ಕೆ ಖರ್ಚು ಜಾಸ್ತಿ, ಸಿಗುವುದು ಚಿಟಿಕೆಯಷ್ಟು. ಆದರೂ ಪ್ರಶ್ನೆ ರಕ್ತದ ಬಗ್ಗೆ ಇದ್ದರೆ ಅದನ್ನೇ ತರಿಸಿ ಅಂತ ನಾನು ಹಟ ಹಿಡಿಯುತ್ತೇನೆ.

ಪ್ರನಾಳದಲ್ಲಿ ಅಳೆದ ಆಂಟಿಆಕ್ಸಿಡೆಂಟ್ ಶಕ್ತಿಯ ಅಂಕಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಮೆರಿಕದ ಕೃಷಿ ಇಲಾಖೆ ಅಂಥ ಒಆರ್‌ಎಸಿ ಅಂಕಗಳ ದೊಡ್ಡ ಪಟ್ಟಿಯನ್ನೇ ಇಟ್ಟಿತ್ತು. ಆ ಅಂಕಗಳಿಗೂ ಮನುಷ್ಯರ ಆರೋಗ್ಯಕ್ಕೂ ನಂಟು ಕಾಣುವುದಿಲ್ಲ ಅಂತ 2012ರಲ್ಲಿ ಅದನ್ನು ತೆಗೆದುಹಾಕಿತು. ಸರಿಯಾದ ಕೆಲಸ ಮಾಡಿತು.

ಇಷ್ಟು ಕಟ್ಟುನಿಟ್ಟು ಯಾಕೆ ಅಂತ ವಿದ್ಯಾರ್ಥಿಗಳು ಕೇಳುತ್ತಾರೆ. ಆಗ ಕ್ಯಾರೆಟ್‌ಗೆ ಕಿತ್ತಳೆ ಬಣ್ಣ ಕೊಡುವ ಬೀಟಾ ಕ್ಯಾರೋಟಿನ್ ವಿಷಯ ಹೇಳುತ್ತೇನೆ. ಯಾರ ರಕ್ತದಲ್ಲಿ ಅದು ಹೆಚ್ಚಿತ್ತೋ ಅವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಅಂತ ಮೊದಲ ಅಧ್ಯಯನಗಳಲ್ಲಿ ಕಂಡಿತ್ತು. ಅದು ಆಂಟಿಆಕ್ಸಿಡೆಂಟ್ ಬೇರೆ. ಎಲ್ಲವೂ ಕೂಡಿಬಂದ ಹಾಗಿತ್ತು. ಫಿನ್‌ಲ್ಯಾಂಡ್‌ನಲ್ಲಿ ಸಿಗರೇಟ್ ಸೇದುವ 29,133 ಗಂಡಸರನ್ನು ಸೇರಿಸಿಕೊಂಡು ಪ್ರಯೋಗ ನಡೆಸಿದರು. ಒಂದಷ್ಟು ಜನರಿಗೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೋಟಿನ್ ಕೊಟ್ಟರು. 1994ರಲ್ಲಿ ಫಲಿತಾಂಶ ಬಂತು. ಮಾತ್ರೆ ತಿಂದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ 18 ಪ್ರತಿಶತ ಹೆಚ್ಚಾಗಿತ್ತು. ಅಮೆರಿಕದಲ್ಲಿ ನಡೆಯುತ್ತಿದ್ದ ಕ್ಯಾರೆಟ್ ಅನ್ನುವ ಪ್ರಯೋಗದಲ್ಲಿ ಬೀಟಾ ಕ್ಯಾರೋಟಿನ್ ಜೊತೆ ಎ ವಿಟಮಿನ್ನನ್ನೂ ಕೊಡುತ್ತಿದ್ದರು. ಅಲ್ಲಿ 28 ಪ್ರತಿಶತ ಹೆಚ್ಚು ಕಂಡಿತು. 1996ರಲ್ಲಿ ಅದನ್ನು ಅವಧಿಗೆ ಮೊದಲೇ ನಿಲ್ಲಿಸಿದರು. ಒಳ್ಳೆಯದಾಗಲಿ ಅಂತ ಮಾತ್ರೆ ನುಂಗಿದ ಜನ ಅವರು. ಈ ಅಂಕಿಗಳನ್ನು ಹೇಳುವಾಗ ನನಗೆ ಇವತ್ತಿಗೂ ಸಂಕಟವಾಗುತ್ತದೆ.

ಹಾಗಂತ ಡಿಶ್‌ನ ಕೆಲಸ ದಂಡ ಅಂತಲ್ಲ. ಒಂದು ವಸ್ತು ಯಾವ ಕಿಣ್ವವನ್ನು ಹಿಡಿಯುತ್ತದೆ, ಯಾವ ದಾರಿಯಲ್ಲಿ ಒಡೆಯುತ್ತದೆ ಅನ್ನುವುದೆಲ್ಲ ಅಲ್ಲೇ ಬಿಡಿಸಿ ನೋಡಲು ಸಿಗುತ್ತದೆ. ನನಗೆ ಆ ಕೆಲಸ ಅಂದರೆ ಪ್ರಾಣ. ಆದರೆ ನಮ್ಮ ಲ್ಯಾಬ್‌ನಿಂದ ಹೊರಹೋಗುವ ಪ್ರತಿ ಸಾರಾಂಶದಲ್ಲೂ ಯಾವ ಕೋಶ, ಎಷ್ಟು ಮೈಕ್ರೋಮೋಲಾರ್, ಕ್ಯಾಟಲೇಸ್ ಹಾಕಿದಾಗ ಏನಾಯಿತು ಅನ್ನುವುದು ಇರಲೇಬೇಕು. ಪತ್ರಕರ್ತರು ಫೋನ್ ಮಾಡಿದರೆ, ಇದನ್ನು ಮನುಷ್ಯರಲ್ಲಿ ನೋಡಿಲ್ಲ ಅನ್ನುವ ಮಾತನ್ನೇ ಮೊದಲು ಹೇಳುತ್ತೇನೆ. ಅದನ್ನು ಸುದ್ದಿಯ ಮೊದಲ ಸಾಲಿನಲ್ಲೇ ಹಾಕಿ ಅಂತಲೂ ಕೇಳಿಕೊಳ್ಳುತ್ತೇನೆ.