ಬಾಂಡ್ ನಾಯಕಿಯರ ಕಪ್: ಮಹಡಿ ಮೇಲಿನ ಆರು ಭಾನುವಾರ

ಮೊದಲ ಭಾನುವಾರ

ಹಳೇ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಯಲ್ಲಿ ಹದಿನಾರು ಗೆರೆ ಎಳೆದೆ. ಜೇಮ್ಸ್ ಬಾಂಡ್ ಸಿನಿಮಾಗಳ ನಾಯಕಿಯರಲ್ಲಿ ಯಾರು ಮೇಲು ಅಂತ ಒಂದು ನಾಕೌಟ್ ಪಂದ್ಯಾವಳಿ. 1962ರ ‘ಡಾಕ್ಟರ್ ನೋ’ನಿಂದ 2021ರ ‘ನೋ ಟೈಮ್ ಟು ಡೈ’ವರೆಗೆ ಮುಖ್ಯ ಸರಣಿಯಲ್ಲೇ 25 ಸಿನಿಮಾ ಇವೆ. ಅದರಲ್ಲಿ ಹದಿನಾರು ಜನರನ್ನು ಆರಿಸೋದೇ ಅರ್ಧ ಜಗಳ. ಬಾಂಡ್‌ನ ಬಾಸ್‌ಗೆ ಸೆಕ್ರೆಟರಿಯಾಗಿರೋ ಮನಿಪೆನ್ನಿ ಬೇಕು ಅಂತ ಜೆರಾಕ್ಸ್ ಅಂಗಡಿಯ ಗೆಳೆಯ ಹಠ ಹಿಡಿದ. ಲೋಯಿಸ್ ಮ್ಯಾಕ್ಸ್‌ವೆಲ್ 14 ಸಿನಿಮಾದಲ್ಲಿ ಆ ಪಾತ್ರ ಮಾಡಿದ್ದಾರೆ, ಅದೂ ನಿಜ. ಆದರೆ ಆಫೀಸಿನಲ್ಲಿ ಕೂತು ಕಾಗದ ನೋಡೋರನ್ನು ಕಣಕ್ಕಿಳಿಸೋದು ಹೇಗೆ? ಬಿಟ್ಟೆವು. ಅವನಿಗೆ ಇನ್ನೂ ಸಿಟ್ಟಿದೆ.

ಮತದಾರರು ಹನ್ನೊಂದು ಜನ. ನಮ್ಮ ಮನೆಯವರು, ಕೆಳಗಿನ ಮನೆಯವರು, ಮೂವರು ಗೆಳೆಯರು, ಹತ್ತನೇ ಕ್ಲಾಸಿನ ಅಕ್ಕನ ಮಗಳು, ಮತ್ತೆ ನಮ್ಮ ದೊಡ್ಡಮ್ಮ. ಪ್ರೊಜೆಕ್ಟರ್ ಗೆಳೆಯನದು, ಬೆಡ್‌ಶೀಟ್ ನಮ್ಮದು. ಒಬ್ಬೊಬ್ಬರದು ಹತ್ತು ನಿಮಿಷದ ದೃಶ್ಯ ನೋಡೋದು, ಚೀಟಿ ಬರೆದು ಸ್ಟೀಲ್ ಡಬ್ಬಿಗೆ ಹಾಕೋದು. ದೃಶ್ಯ ಆರಿಸೋ ಕೆಲಸ ನನ್ನದು. ಈ ಕೊನೆಯ ಸಾಲು ನೆನಪಿಟ್ಟುಕೊಳ್ಳಿ, ಆಮೇಲೆ ಇದರಿಂದಲೇ ಬೈಸಿಕೊಂಡೆ.

ಪಟ್ಟಿ ಗೋಡೆಗೆ ಅಂಟಿಸಿದ ಮೇಲೆ ನೋಡಿದರೆ ಮಾಡ್ ಆಡಮ್ಸ್ ಎರಡು ಕಡೆ ಇದ್ದಾರೆ. 1974ರ ‘ದ ಮ್ಯಾನ್ ವಿತ್ ದ ಗೋಲ್ಡನ್ ಗನ್’ನಲ್ಲೂ ಅವರೇ, 1983ರ ‘ಆಕ್ಟೊಪಸಿ’ಯಲ್ಲೂ ಅವರೇ, ಪಾತ್ರ ಮಾತ್ರ ಬೇರೆ. ಉದಯಪುರದಲ್ಲಿ ತೆಗೆದ ಆಕ್ಟೊಪಸಿ ಉಳಿಸಿಕೊಂಡು ಇನ್ನೊಂದನ್ನು ಹೊಡೆದುಹಾಕಿದೆ.

ಅಷ್ಟರಲ್ಲಿ ದೊಡ್ಡಮ್ಮ ಕನ್ನಡಕ ಏರಿಸಿ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದರು. “ನಮ್ಮ ಬಾಂಡ್ ಎಲ್ಲೋ?”

ಎರಡನೇ ಭಾನುವಾರ

ದೊಡ್ಡಮ್ಮ ಹೇಳಿದ್ದು ಸಿಐಡಿ 999 ಬಗ್ಗೆ. ದೊರೈ-ಭಗವಾನ್ ಜೋಡಿಯ ನಾಲ್ಕು ಸಿನಿಮಾ, ನಾಲ್ಕರಲ್ಲೂ ಅಣ್ಣಾವ್ರೇ ಗೂಢಚಾರ. ‘ಜೇಡರ ಬಲೆ’ ಮತ್ತು ‘ಗೋವಾದಲ್ಲಿ ಸಿಐಡಿ 999’ ಬಂದಿದ್ದು 1968ರಲ್ಲಿ. ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ 1969ರಲ್ಲಿ. ಆಮೇಲೆ ಒಂಬತ್ತು ವರ್ಷ ಬಿಟ್ಟು 1978ರಲ್ಲಿ ಬಣ್ಣದಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಾಯಕಿಯರು ಇದೇ ಕ್ರಮದಲ್ಲಿ ಜಯಂತಿ, ಲಕ್ಷ್ಮಿ, ರೇಖಾ, ಪದ್ಮಪ್ರಿಯಾ. ಹಿಂದಿಯ ರೇಖಾ ಅವರೇ, ಬೇರೆ ಯಾರೋ ಅಲ್ಲ. ಹಿಂದಿಯಲ್ಲಿ ನಾಯಕಿಯಾಗೋಕೆ ಮುಂಚೆ ಅವರು ಕನ್ನಡದಲ್ಲಿ ನಾಯಕಿ ಆಗಿದ್ದರು.

ನಾಲ್ವರನ್ನೂ ಸೇರಿಸಿ, ಬಾಂಡ್ ಕಡೆಯಿಂದ ನಾಲ್ವರನ್ನು ಕೈಬಿಟ್ಟೆ. ಆಗ ಅಕ್ಕನ ಮಗಳು ಮೊಬೈಲಿನಲ್ಲಿ ಲೆಕ್ಕ ಹಾಕುತ್ತಾ ಕೂತಿದ್ದಳು. ರೇಖಾ ಹುಟ್ಟಿದ್ದು 1954ರ ಅಕ್ಟೋಬರಿನಲ್ಲಿ, ಲಕ್ಷ್ಮಿ ಹುಟ್ಟಿದ್ದು 1952ರ ಡಿಸೆಂಬರಿನಲ್ಲಿ. “ಮಾಮಾ, ಇವರಿಬ್ಬರೂ ಆಗ ಹೆಚ್ಚುಕಮ್ಮಿ ನನ್ನ ವಯಸ್ಸಿನವರು.”

ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಇಷ್ಟು ವರ್ಷ ಸಿನಿಮಾ ಹುಚ್ಚು ಅಂತ ಓಡಾಡಿದ ನನಗೆ ಈ ಲೆಕ್ಕ ಹೊಳೆದೇ ಇರಲಿಲ್ಲ. ಎದುರಿಗೆ ಶಾಲೆಗೆ ಹೋಗೋ ಹುಡುಗಿ ಕೂತಿರುವಾಗ ಅದೇ ವಯಸ್ಸಿನವರಿಗೆ ಅಂಕ ಹಾಕೋದಾ? ಇಬ್ಬರ ಹೆಸರನ್ನೂ ತೆಗೆದೆವು. ಸೋತರು ಅಂತಲ್ಲ, ಸುಮ್ನೆ ಆಟದಿಂದ ಆಚೆ. ಕೈಬಿಟ್ಟವರಲ್ಲಿ ಕ್ಯಾರೊಲ್ ಬುಕೆ, ಲೆಯಾ ಸೇದು ವಾಪಸ್ ಬಂದರು. ಅವಳೇ ಇನ್ನೊಂದು ನಿಯಮವನ್ನೂ ಬರೆದಳು: ರೂಪಕ್ಕೆ ಅಂಕ ಇಲ್ಲ, ಆ ಸಿನಿಮಾದಲ್ಲಿ ಮಾಡಿದ ಕೆಲಸಕ್ಕೆ ಮಾತ್ರ.

ಮೂರನೇ ಭಾನುವಾರ: ಮೊದಲ ಸುತ್ತು

ದುರ್ಗದ ಆಷಾಢದ ಗಾಳಿ ಗೊತ್ತಲ್ಲ. ಗುಡ್ಡದ ಮೇಲಿನ ಗಾಳಿ ಗಿರಣಿ ತಿರುಗಿಸೋ ಗಾಳಿಗೆ ನಮ್ಮ ಬೆಡ್‌ಶೀಟ್ ಯಾವ ಲೆಕ್ಕ? ಎರಡು ಸಲ ಹಾರಿ ನೀರಿನ ಟ್ಯಾಂಕಿಗೆ ಸುತ್ತಿಕೊಂಡಿತು. ಕೊನೆಗೆ ಕೆಳಗಿನ ಅಂಚಿಗೆ ಇಟ್ಟಿಗೆ ಕಟ್ಟಿದೆವು.

ಎಂಟು ಪಂದ್ಯ ಒಂದೇ ರಾತ್ರಿ ಮುಗಿಸಿದೆವು. ಎಲ್ಲ ಬರೆಯಲ್ಲ, ಬಹಳಷ್ಟು ಒನ್ ಸೈಡ್. ಡಯಾನಾ ರಿಗ್ ಹ್ಯಾಲಿ ಬೆರಿಯನ್ನು 9–2ರಲ್ಲಿ ಸೋಲಿಸಿದರು. ಇವಾ ಗ್ರೀನ್ ಫಾಮ್ಕೆ ಯಾನ್ಸನ್‌ರನ್ನು 8–3ರಲ್ಲಿ. ಮಾಡ್ ಆಡಮ್ಸ್, ಬಾರ್ಬರಾ ಬಾಕ್, ಡ್ಯಾನಿಯೆಲಾ ಬಿಯಾಂಕಿ ಮೂವರೂ ಮನೆಗೆ.

ದೊಡ್ಡ ಸುದ್ದಿ ಅಂದರೆ ಉರ್ಸುಲಾ ಆಂಡ್ರೆಸ್ ಸೋತಿದ್ದು. ಸಮುದ್ರದಿಂದ ಎದ್ದು ಬರೋ ಆ ದೃಶ್ಯ ಅರವತ್ತು ವರ್ಷದಿಂದ ಪೋಸ್ಟರಿನಲ್ಲಿದೆ. ಗೆಲ್ಲೋದು ಖಾತ್ರಿ ಅಂತಿದ್ದೆ. ಆದರೆ ಆ ಸಿನಿಮಾದಲ್ಲಿ ಕೇಳಿಸೋ ದನಿ ಅವರದ್ದಲ್ಲ, ನಿಕಿ ವ್ಯಾನ್ ಡರ್ ಝೈಲ್ ಅನ್ನೋರು ಡಬ್ ಮಾಡಿದ್ದು. ಇದನ್ನು ನಾನೇ ಜಾಣತನ ತೋರಿಸೋಕೆ ಹೋಗಿ ಹೇಳಿಬಿಟ್ಟೆ. “ದನಿ ಇನ್ನೊಬ್ಬರದು ಅಂದ ಮೇಲೆ ಅರ್ಧ ಅಂಕ ಇನ್ನೊಬ್ಬರಿಗೆ” ಅಂತ ದೊಡ್ಡಮ್ಮ ತೀರ್ಪು ಕೊಟ್ಟರು. ಎದುರಿಗಿದ್ದವರು ಬೇರೆ 1997ರ ‘ಟುಮಾರೋ ನೆವರ್ ಡೈಸ್’ನ ಮಿಶೆಲ್ ಯೋ. ಬಾಂಡ್ ಜೊತೆ ಒಂದೇ ಕೋಳದಲ್ಲಿ ಕೈ ಸಿಕ್ಕಿಕೊಂಡು, ಇಬ್ಬರೂ ಸೇರಿ ಬೈಕ್ ಓಡಿಸೋ ದೃಶ್ಯ ಬಂದಾಗ ಕೆಳಗಿನ ಮನೆ ಹುಡುಗರು ಎದ್ದು ನಿಂತರು. 8–3.

ಪದ್ಮಪ್ರಿಯಾಗೆ ಮಾತ್ರ ಅನ್ಯಾಯ ಆಯಿತು ಅಂತ ಈಗಲೂ ಅನಿಸುತ್ತೆ. ಡೈಮಂಡ್ ರಾಕೆಟ್ ಅಂದರೆ ಅಣ್ಣಾವ್ರ ಇಂಗ್ಲಿಷ್ ಹಾಡು ಅಂತ ಎಲ್ಲರ ತಲೆಯಲ್ಲಿ ಕೂತಿದೆ. ಹಾಡು ಶುರುವಾಯಿತು, ಹನ್ನೊಂದೂ ಜನ ದನಿಗೂಡಿಸಿದರು, ಹತ್ತು ನಿಮಿಷ ಮುಗಿದೇ ಹೋಯಿತು. ನಾಯಕಿಯನ್ನು ಯಾರೂ ನೋಡಲೇ ಇಲ್ಲ. ‘ಗೋಲ್ಡ್‌ಫಿಂಗರ್’ನ ಆನರ್ ಬ್ಲ್ಯಾಕ್‌ಮನ್ 7–4ರಲ್ಲಿ ಮುಂದೆ ಹೋದರು.

ಜಯಂತಿ, ಗ್ರೇಸ್ ಜೋನ್ಸ್ ಎದುರು 9–2ರಲ್ಲಿ ಗೆದ್ದರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಾಲ್ಕನೇ ಭಾನುವಾರ: ಒನಕೆ ಪ್ರಕರಣ

ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಂದಿದ್ದೆವು. ಮಿಶೆಲ್ ಯೋ, ಡಯಾನಾ ರಿಗ್, ಕ್ಯಾರೊಲ್ ಬುಕೆ ಸಲೀಸಾಗಿ ಸೆಮಿಫೈನಲ್ ತಲುಪಿದರು. ಉಳಿದಿದ್ದು ಜಯಂತಿ, ಇವಾ ಗ್ರೀನ್ ಪಂದ್ಯ.

ಡಬ್ಬಿ ತೆರೆದಾಗ ಜಯಂತಿ 8, ಇವಾ 3. ಎಲ್ಲರೂ ಚಪ್ಪಾಳೆ ಹೊಡೆದರು. ನಾನೊಬ್ಬನೇ ತಕರಾರು ತೆಗೆದೆ. ಜಯಂತಿ ದೊಡ್ಡ ಕಲಾವಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಎಂಟು ಮತ ‘ಜೇಡರ ಬಲೆ’ಗೆ ಬಿದ್ದಿದ್ದಾ? 1972ರ ‘ನಾಗರಹಾವು’ ಸಿನಿಮಾದಲ್ಲಿ ಒನಕೆ ಓಬವ್ವ ಆಗಿ ನಮ್ಮದೇ ಕೋಟೆಯಲ್ಲಿ ನಿಂತವರು ಜಯಂತಿ. ಈ ಊರಲ್ಲಿ ಓಬವ್ವನ ಹೆಸರಿನ ಕ್ರೀಡಾಂಗಣ ಇದೆ. ನನ್ನ ವಯಸ್ಸಿನವರಿಗೆ ಓಬವ್ವ ಅಂದರೆ ಕಣ್ಣ ಮುಂದೆ ಬರೋ ಮುಖವೇ ಜಯಂತಿಯದು. ಅವರನ್ನು ದುರ್ಗದಲ್ಲಿ ಯಾರ ಎದುರು ನಿಲ್ಲಿಸಿದರೂ ಗೆಲ್ಲುತ್ತಾರೆ. ಅದಕ್ಕೆ ಪಂದ್ಯ ಯಾಕೆ ಬೇಕು?

“ನಿಯಮ ಏನಿತ್ತು? ಆ ಸಿನಿಮಾದ ಕೆಲಸಕ್ಕೆ ಮಾತ್ರ” ಅಂದೆ. ಮತ್ತೆ ಮತದಾನ. ಈ ಸಲ ಚೀಟಿಯಲ್ಲಿ ಹೆಸರಿನ ಜೊತೆ ಆ ಸಿನಿಮಾದ ಒಂದು ದೃಶ್ಯವನ್ನೂ ಬರೆಯಬೇಕು. ದೃಶ್ಯ ಇಲ್ಲದ ಚೀಟಿ ಅಸಿಂಧು.

ಇವಾಗೆ 5. ಐದರಲ್ಲಿ ನಾಲ್ಕು ಜನ ‘ಕಸಿನೊ ರೊಯಾಲ್’ನ ಒಂದೇ ದೃಶ್ಯ ಬರೆದಿದ್ದರು: ಕೊಲೆ ಕಣ್ಣಾರೆ ನೋಡಿದ ಮೇಲೆ ಹಾಕಿದ ಬಟ್ಟೆಯಲ್ಲೇ ಶವರ್ ಕೆಳಗೆ ಕೂತಿರೋದು. ಜಯಂತಿಗೆ 3. ಇನ್ನು ಮೂರು ಚೀಟಿ ಅಸಿಂಧು, ಮೂರರಲ್ಲೂ ಒಂದೇ ಪದ: ಒನಕೆ.

ಅದರಲ್ಲಿ ಒಂದು ದೊಡ್ಡಮ್ಮನ ಅಕ್ಷರ.

“ಕೋಟೆ ಕೆಳಗೇ ಮನೆ ಮಾಡ್ಕೊಂಡು ಓಬವ್ವನ್ನ ಸೋಲಿಸ್ತೀಯೇನೋ?” ಅಂತ ಎದ್ದು ಹೋದರು. ಹೋಗುತ್ತಾ ಬಜ್ಜಿ ತಟ್ಟೆಯನ್ನೂ ಒಯ್ದರು. ಶೂಟಿಂಗ್ ಸಮಯದಲ್ಲಿ ಅವರು ಚಿಕ್ಕ ಹುಡುಗಿ. ನೋಡೋಕೆ ಅಂತ ಕೋಟೆ ಹತ್ತಿ, ಜನದ ನಡುವೆ ಏನೂ ಕಾಣದೆ ಚಪ್ಪಲಿ ಕಳೆದುಕೊಂಡು ಇಳಿದಿದ್ದರಂತೆ. ಇದು ನನಗೆ ಗೊತ್ತಾಗಿದ್ದು ಮಾರನೇ ದಿನ, ಅಮ್ಮನಿಂದ.

ಐದನೇ ಭಾನುವಾರ

ದೊಡ್ಡಮ್ಮ ಬರಲಿಲ್ಲ. ಮತದಾರರು ಹತ್ತೇ ಜನ. ಟೈ ಆಗುತ್ತೆ ಅಂತ ಹೆದರಿದ್ದೆ, ಆಗೇ ಆಯಿತು.

ಮಿಶೆಲ್ ಯೋ 5, ಡಯಾನಾ ರಿಗ್ 5. ಇವೆರಡೂ ಎರಡು ಥರದ ಕೆಲಸ. ರಿಗ್ ಮಾಡಿದ್ದು 1969ರ ‘ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್’ನ ಟ್ರೇಸಿ. ಬಾಂಡ್ ತಾಳಿ ಕಟ್ಟಿದ ಹೆಂಡತಿ ಅಂತಲೇ ಹೇಳಬಹುದು, ಮದುವೆಯ ದಿನವೇ ಕಾರಿನಲ್ಲಿ ಗುಂಡೇಟಿಗೆ ಸಾಯುತ್ತಾಳೆ. ಆದರೆ ನನಗೆ ಇಷ್ಟ ಆದದ್ದು ಸಾಯೋ ದೃಶ್ಯ ಅಲ್ಲ. ಶತ್ರುಗಳಿಂದ ತಪ್ಪಿಸಿಕೊಂಡ ಬಾಂಡ್ ಸುಸ್ತಾಗಿ, ಹೆದರಿ, ಜನರ ನಡುವೆ ತಲೆ ತಗ್ಗಿಸಿ ಕೂತಿರುತ್ತಾನೆ. ಮಂಜಿನ ಮೇಲೆ ಸ್ಕೇಟಿಂಗ್ ಮಾಡುತ್ತಾ ಟ್ರೇಸಿ ಬಂದು ಎದುರಿಗೆ ನಿಲ್ಲುತ್ತಾಳೆ. ಆಮೇಲೆ ಕಾರು ಓಡಿಸೋದೂ ಅವಳೇ. ಬಾಂಡ್ ಹೆದರಿದ್ದು ಇಷ್ಟು ಸ್ಪಷ್ಟವಾಗಿ ಕಾಣೋದು ಆ ಸರಣಿಯಲ್ಲಿ ಅಪರೂಪ.

ನಾಣ್ಯ ಚಿಮ್ಮೋಣ ಅಂದರು. ಬೇಡ, ಇನ್ನೂ ಹತ್ತತ್ತು ನಿಮಿಷ ನೋಡೋಣ ಅಂತ ಅಕ್ಕನ ಮಗಳು. ನೋಡಿದೆವು. ಒಂದು ಚೀಟಿ ಈ ಕಡೆಯಿಂದ ಆ ಕಡೆ ಹೋಯಿತು, ಮಿಶೆಲ್ 6–4. ನನ್ನ ಮತ ರಿಗ್‌ಗೇ ಇತ್ತು.

ಇನ್ನೊಂದು ಸೆಮಿಫೈನಲ್‌ನಲ್ಲಿ ಇವಾ 8, ಬಿಲ್ಲು ಹಿಡಿದು ಅಪ್ಪ-ಅಮ್ಮನ ಸೇಡು ತೀರಿಸಿಕೊಳ್ಳೋಕೆ ಹೊರಟ ಕ್ಯಾರೊಲ್ ಬುಕೆ 2.

ಆರನೇ ಭಾನುವಾರ: ಫೈನಲ್

ಶನಿವಾರ ಮೈಸೂರುಪಾಕ್ ಹಿಡಿದು ದೊಡ್ಡಮ್ಮನ ಮನೆಗೆ ಹೋದೆ. ಅವರು ಒಂದೇ ಪ್ರಶ್ನೆ ಕೇಳಿದರು. “ಜಯಂತಮ್ಮನ ದೃಶ್ಯ ಆರಿಸಿದ್ದು ಯಾರು?”

ನಾನೇ. ಬಾಂಡ್ ಸಿನಿಮಾಗಳದ್ದು ಹೊಳೆಯೋ ಪ್ರಿಂಟು. ‘ಜೇಡರ ಬಲೆ’ಯದ್ದು ಕಪ್ಪು-ಬಿಳುಪು, ನನಗೆ ಸಿಕ್ಕ ಪ್ರತಿಯೋ ಬರೀ ಮಸುಕು. ಅದರಲ್ಲೂ ನಾನು ಆರಿಸಿದ ಹತ್ತು ನಿಮಿಷದಲ್ಲಿ ಜಾಸ್ತಿ ಹೊತ್ತು ಅಣ್ಣಾವ್ರೇ ಇದ್ದರು. ಜನಕ್ಕೆ ಬರೆಯೋಕೆ ದೃಶ್ಯ ನೆನಪಿಗೆ ಬರದಿದ್ದರೆ ತಪ್ಪು ಅವರದ್ದಲ್ಲ. ಓಬವ್ವನ ಅಭಿಮಾನ ಒಂದು ಕಡೆ ಇರಲಿ, ಪಂದ್ಯ ನಾನು ಕೊಟ್ಟ ಹತ್ತು ನಿಮಿಷದಲ್ಲೇ ವಾಲಿತ್ತು. ಮಾತಿಲ್ಲದೆ ಒಪ್ಪಿಕೊಂಡೆ.

ಹಾಗಾಗಿ ಫೈನಲ್‌ಗೆ ಮುಂಚೆ ‘ಜೇಡರ ಬಲೆ’ ಪೂರ್ತಿ ಹಾಕಿದೆವು. ಗಾಳಿ ಕಡಿಮೆ ಇತ್ತು. ದೊಡ್ಡಮ್ಮ ಮುಂದಿನ ಕುರ್ಚಿಯಲ್ಲಿ. 1963ರ ‘ಜೇನುಗೂಡು’ವಿನಿಂದ ಶುರು ಮಾಡಿದ ಜಯಂತಿ ಆ ಹೊತ್ತಿಗೆ ಇಪ್ಪತ್ತಮೂರರ ಸುಮಾರಿನವರು. 1965ರಲ್ಲೇ ‘ಮಿಸ್ ಲೀಲಾವತಿ’ ಮಾಡಿ ಎಲ್ಲರ ಹುಬ್ಬೇರಿಸಿದ್ದರು. ಕ್ಯಾಮೆರಾ ಮುಂದೆ ಅವರಿಗೆ ಅಂಜಿಕೆ ಅನ್ನೋದೇ ಇಲ್ಲ. ಪೂರ್ತಿ ನೋಡಿದ ಮೇಲೆ ಕೆಳಗಿನ ಮನೆ ಆಂಟಿ “ಅವತ್ತೇ ಇದನ್ನ ತೋರಿಸಿದ್ದರೆ ದೃಶ್ಯ ಬರೀತಿದ್ದೆ” ಅಂದರು. ನಾನು ನೀರು ಕುಡಿಯೋಕೆ ಎದ್ದು ಹೋದೆ. ಮರುಪಂದ್ಯ ಬೇಡ ಅಂದವರು ದೊಡ್ಡಮ್ಮನೇ.

ಫೈನಲ್ ಚೀಟಿಗಳು ಹನ್ನೊಂದು. ಹತ್ತು ತೆರೆದಾಗ ಮಿಶೆಲ್ ಯೋ 5, ಇವಾ ಗ್ರೀನ್ 5. ಹನ್ನೊಂದನೆಯದು ದೊಡ್ಡಮ್ಮನದು. ಹೆಸರು, ಪಕ್ಕದಲ್ಲಿ ದೃಶ್ಯ, ಎರಡೂ ನಿಯಮದ ಪ್ರಕಾರ: “ಚೀನಾದಾಕೆ. ಬೈಕು.”

ಮಿಶೆಲ್ ಯೋ ಹುಟ್ಟಿದ್ದು ಮಲೇಷ್ಯಾದಲ್ಲಿ ಅಂತ ಹೇಳೋಕೆ ಬಾಯಿ ತೆರೆದೆ. ಅಕ್ಕನ ಮಗಳು ಮೊಣಕೈಯಿಂದ ತಿವಿದಳು. ಸಿಂಧು ಅಂತ ಬರೆದುಕೊಂಡೆ. 6–5.

ಗೋಡೆಯ ಹಾಳೆಯನ್ನು ದೊಡ್ಡಮ್ಮ ತಮಗೆ ಬೇಕು ಅಂತ ಒಯ್ದರು. ನಿನ್ನೆ ಹೋಗಿದ್ದಾಗ ಅವರ ಅಡುಗೆಮನೆ ಗೂಡಿನಲ್ಲಿ ಡಬ್ಬಿಗಳ ಕೆಳಗೆ ಹಾಸಿತ್ತು. ಜಯಂತಿ, ಇವಾ ಗ್ರೀನ್ ಪಂದ್ಯದ ಮೇಲೆ ಉಪ್ಪಿನ ಜಾಡಿ ಕೂತಿದೆ, ಅಂಕ ಕಾಣಲ್ಲ.