ಕೆರೆ ಏರಿಯ ಮೇಲೆ ಪ್ಲಗ್ ಪಾಯಿಂಟ್ ಇಲ್ಲ

ನಾಲ್ಕು ವರ್ಷ ನಾನು ಹೊತ್ತು ತಿರುಗಿದ ಲ್ಯಾಪ್‌ಟಾಪಿನ ತೂಕ 2.4 ಕಿಲೋ, ಅದರ ಚಾರ್ಜರಿನದು ಇನ್ನೂ 800 ಗ್ರಾಂ. ಕೋಲಾರ ಜಿಲ್ಲೆಯ ಕೆರೆಗಳ ಮೇಲೆ ಡ್ರೋನ್ ಹಾರಿಸಿ, ತೆಗೆದ ನೂರಾರು ಚಿತ್ರಗಳನ್ನು ಜೋಡಿಸಿ ಒಂದು ನಕ್ಷೆ ಮಾಡುವುದು, ಏರಿ ಎಲ್ಲಿ ಕುಸಿದಿದೆ, ಕೋಡಿಯ ನೀರು ಹೋಗುವ ಕಾಲುವೆ ಎಲ್ಲಿ ಮುಚ್ಚಿಹೋಗಿದೆ, ಬತ್ತಿದ ಅಂಗಳದಲ್ಲಿ ಹೂಳು ಎಲ್ಲೆಲ್ಲಿ ದಿಬ್ಬವಾಗಿದೆ ಎಂದು ಗುರುತಿಸಿ ಕೊಡುವುದು ನನ್ನ ಕೆಲಸ. ಬೆಂಗಳೂರಿನಿಂದ ಬೆಳಗಿನ ಬಸ್ಸು ಹಿಡಿದು ಹೋಗಿ ರಾತ್ರಿ ಮರಳುವ ದಿನಗಳಲ್ಲಿ ಡ್ರೋನ್ ಪೆಟ್ಟಿಗೆ ಒಂದು ಕೈಯಲ್ಲಿ, ಈ ಮೂರು ಕಿಲೋಗೂ ಮೀರಿದ ಚೀಲ ಬೆನ್ನ ಮೇಲೆ ಇರುತ್ತಿತ್ತು. ಈ ವರ್ಷ ಅದನ್ನು ಬದಲಾಯಿಸಬೇಕಾಗಿ ಬಂದಾಗ, ಹಗುರವಾದದ್ದು ಬೇಕೋ ಬಲವಾದದ್ದು ಬೇಕೋ ಎಂಬ ಪ್ರಶ್ನೆಯನ್ನು ಮೊದಲ ಬಾರಿಗೆ ಸರಿಯಾಗಿ ಕೇಳಿಕೊಂಡೆ.

ಹಳೆಯದನ್ನು ಕೊಂಡಾಗ ನನ್ನ ಲೆಕ್ಕ ಸರಳವಾಗಿತ್ತು. ಸಾಧಾರಣ ಗಾತ್ರದ ಕೆರೆಯೊಂದಕ್ಕೆ 20 ಮೆಗಾಪಿಕ್ಸೆಲ್‌ನ ಐನೂರು ಚಿತ್ರಗಳು ಬೇಕಾಗುತ್ತವೆ. ತಂತ್ರಾಂಶವು ಒಂದು ಚಿತ್ರದಲ್ಲಿರುವ ಸಾವಿರಾರು ಬಿಂದುಗಳನ್ನು ಪಕ್ಕದ ಚಿತ್ರಗಳಲ್ಲಿ ಹುಡುಕಿ, ಹೊಂದಿಸಿ, ಅವುಗಳ ಎತ್ತರವನ್ನು ಲೆಕ್ಕಹಾಕುತ್ತದೆ. ನಾನು ಬಳಸುವ ಓಪನ್‌ಡ್ರೋನ್‌ಮ್ಯಾಪ್ ಇದಕ್ಕೆ ಪ್ರೊಸೆಸರನ್ನೂ ರ‍್ಯಾಮನ್ನೂ ಗಂಟೆಗಟ್ಟಲೆ ದುಡಿಸುತ್ತದೆ. ಕೆಲಸ ಭಾರವಾದದ್ದು, ಆದ್ದರಿಂದ ಯಂತ್ರವೂ ಭಾರವಾದದ್ದೇ ಇರಲಿ ಎಂದುಕೊಂಡೆ. ಈ ಯೋಚನೆ ಎಲ್ಲಿ ತಪ್ಪಿತ್ತೆಂಬುದು ಶ್ರೀನಿವಾಸಪುರದ ಕಡೆಯ ಒಂದು ಕೆರೆಯ ಏರಿಯ ಮೇಲೆ, ಹುಣಸೆ ಮರದ ನೆರಳಿನಲ್ಲಿ ಕುಳಿತಾಗ ತಿಳಿಯಿತು. ಚಿತ್ರಗಳನ್ನು ಅಲ್ಲಿಯೇ ಜೋಡಿಸಲು ಹಚ್ಚಿದೆ. ಫ್ಯಾನುಗಳು ಜೋರಾಗಿ ತಿರುಗಿದವು, ಮುಕ್ಕಾಲು ಗಂಟೆಯಲ್ಲಿ ಬ್ಯಾಟರಿ ಮುಗಿಯಿತು, ಆ ಹೊತ್ತಿಗೆ ಕೆಲಸ ಕಾಲು ಭಾಗವೂ ಆಗಿರಲಿಲ್ಲ. ಮನೆಯಲ್ಲಿ ಪ್ಲಗ್ಗಿಗೆ ಹಾಕಿದಾಗ ಅದೇ ಯಂತ್ರ ಅದೇ ಕೆಲಸವನ್ನು ಎರಡು ಪಟ್ಟಿಗಿಂತ ಹೆಚ್ಚು ವೇಗವಾಗಿ ಮಾಡುತ್ತಿತ್ತು.

ಇದು ಯಂತ್ರದ ದೋಷವಾಗಿರಲಿಲ್ಲ. ವಿಮಾನದಲ್ಲಿ ಅನುಮತಿಯಿಲ್ಲದೆ ಒಯ್ಯಬಹುದಾದ ಬ್ಯಾಟರಿಯ ಮಿತಿ 100 ವ್ಯಾಟ್-ಅವರ್ ಆಗಿರುವುದರಿಂದ, ಲ್ಯಾಪ್‌ಟಾಪ್ ಎಷ್ಟೇ ದೊಡ್ಡದಿದ್ದರೂ ತಯಾರಕರು ಅದರೊಳಗೆ ಅದಕ್ಕಿಂತ ದೊಡ್ಡ ಬ್ಯಾಟರಿಯನ್ನು ಸಾಮಾನ್ಯವಾಗಿ ಇಡುವುದಿಲ್ಲ. 90 ವ್ಯಾಟ್-ಅವರ್‌ನ ಬ್ಯಾಟರಿಯಿಂದ 150 ವ್ಯಾಟ್ ಎಳೆದರೆ ಅದು 36 ನಿಮಿಷ ಮಾತ್ರ ಬರುತ್ತದೆ. ಅಷ್ಟು ವಿದ್ಯುತ್ತನ್ನು ಒಮ್ಮೆಗೇ ಕೊಡುವುದು ಬ್ಯಾಟರಿಗೂ ಕಷ್ಟವಾದ ಕಾರಣ, ಪ್ಲಗ್ ತೆಗೆದೊಡನೆ ಯಂತ್ರವೇ ತನ್ನ ವೇಗವನ್ನು ತಗ್ಗಿಸಿಕೊಳ್ಳುತ್ತದೆ. ಅಂದರೆ ನಾನು ಹಣ ತೆತ್ತ ಸಾಮರ್ಥ್ಯ ಗೋಡೆಯ ಪ್ಲಗ್ಗಿನ ಬಳಿ ಮಾತ್ರ ಇತ್ತು, ಕೆರೆಯ ಬಳಿಗೆ ನಾನು ಹೊತ್ತೊಯ್ಯುತ್ತಿದ್ದದ್ದು ಅದರ ತೂಕವನ್ನು. 1981ರಲ್ಲಿ ಬಂದ ಆಸ್‌ಬೋರ್ನ್ 1 ಎಂಬ ಕಂಪ್ಯೂಟರನ್ನು ಕೈಯಲ್ಲಿ ಒಯ್ಯಬಹುದಾದದ್ದೆಂದು ಮಾರಿದರು. ಅದು ಸುಮಾರು 11 ಕಿಲೋ ಇತ್ತು, ಒಳಗೆ ಬ್ಯಾಟರಿಯೇ ಇರಲಿಲ್ಲ, ಹೋದ ಕಡೆಯಲ್ಲಿ ಪ್ಲಗ್ ಹುಡುಕಬೇಕಿತ್ತು. ನನ್ನ ಯಂತ್ರ ತೂಕದಲ್ಲಿ ಅದರ ಕಾಲು ಭಾಗವೂ ಇರಲಿಲ್ಲ, ಆದರೆ ನನ್ನ ಭಾರವಾದ ಕೆಲಸದ ಮಟ್ಟಿಗೆ ಅದೂ ಪ್ಲಗ್ ಹುಡುಕುವ ಯಂತ್ರವೇ ಆಗಿತ್ತು.

ಅಂಗಡಿಯ ಫಲಕದಲ್ಲಿ ಈ ವಿಚಾರ ಕಾಣುವುದಿಲ್ಲ, ಅಲ್ಲಿ ಕಾಣುವುದು ಚಿಪ್ಪಿನ ಹೆಸರು. ಎನ್ವಿಡಿಯಾ ಕಂಪನಿಯ ಆರ್‌ಟಿಎಕ್ಸ್ 4060 ಎಂಬ ಲ್ಯಾಪ್‌ಟಾಪ್ ಗ್ರಾಫಿಕ್ಸ್ ಚಿಪ್ಪಿಗೆ ಲ್ಯಾಪ್‌ಟಾಪ್ ತಯಾರಕರು 35 ವ್ಯಾಟ್‌ನಿಂದ 115 ವ್ಯಾಟ್‌ವರೆಗೆ ಎಷ್ಟು ಬೇಕಾದರೂ ಮಿತಿ ಇಡಬಹುದು. ತೆಳುವಾದ ಯಂತ್ರದಲ್ಲಿಯೂ ದಪ್ಪನೆಯ ಯಂತ್ರದಲ್ಲಿಯೂ ಹೆಸರು ಒಂದೇ, ಆದರೆ ಮಾಡುವ ಕೆಲಸ ಒಂದೇ ಅಲ್ಲ. ಇಂಟೆಲ್‌ನ 12ರಿಂದ 14ನೇ ಪೀಳಿಗೆಯ ಪ್ರೊಸೆಸರುಗಳಲ್ಲಿ ಹೆಸರಿನ ಕೊನೆಯ ಅಕ್ಷರ ಸ್ವಲ್ಪ ಸುಳಿವು ಕೊಡುತ್ತದೆ: ‘ಯು’ ಎಂದಿದ್ದರೆ ಸಾಮಾನ್ಯವಾಗಿ 15 ವ್ಯಾಟ್, ‘ಎಚ್’ ಎಂದಿದ್ದರೆ 45, ‘ಎಚ್‌ಎಕ್ಸ್’ ಎಂದಿದ್ದರೆ 55 ವ್ಯಾಟ್ ಅದರ ಮೂಲ ಮಿತಿ. ಕೊಳ್ಳುವವರು ಕೇಳಬೇಕಾದದ್ದು ಮೊದಲ ಎರಡು ನಿಮಿಷದ ವೇಗವನ್ನಲ್ಲ. ಅರ್ಧ ಗಂಟೆಯ ನಂತರ, ಒಳಗಿನ ಬಿಸಿಯನ್ನು ಹೊರಹಾಕಿಕೊಂಡು ಯಂತ್ರ ಎಷ್ಟು ವ್ಯಾಟ್‌ನಲ್ಲಿ ನಿಲ್ಲುತ್ತದೆ ಎಂಬುದನ್ನು ಕೇಳಬೇಕು. ಬೇಸಿಗೆಯಲ್ಲಿ ಕೋಲಾರದ ಬಯಲಿನಲ್ಲಿ ಈ ಲೆಕ್ಕ ಇನ್ನಷ್ಟು ಕೆಳಗಿಳಿಯುತ್ತದೆ.

ಹಾಗೆಂದು ಹಗುರವಾದ ಯಂತ್ರಗಳು ಬಡಪಾಯಿಗಳೇನಲ್ಲ. ಚಿಪ್ಪಿನ ವೇಗವನ್ನು ಏರಿಸಲು ಸಾಮಾನ್ಯವಾಗಿ ಅದಕ್ಕೆ ಕೊಡುವ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಖರ್ಚಾಗುವ ವಿದ್ಯುತ್ತು ಹೆಚ್ಚುಕಡಿಮೆ ವೇಗವನ್ನು ವೋಲ್ಟೇಜಿನ ವರ್ಗದಿಂದ ಗುಣಿಸಿದಷ್ಟು ಏರುತ್ತದೆ. ಎರಡೂ ಶೇ 20ರಷ್ಟು ಹೆಚ್ಚಾದರೆ ವಿದ್ಯುತ್ತಿನ ಖರ್ಚು ಶೇ 73ರಷ್ಟು ಹೆಚ್ಚುತ್ತದೆ. ಇದನ್ನು ತಿರುಗಿಸಿ ನೋಡಿದರೆ, ತುಸು ನಿಧಾನಕ್ಕೆ ಒಪ್ಪಿಕೊಂಡ ಚಿಪ್ಪು ಬಹಳಷ್ಟು ವಿದ್ಯುತ್ತನ್ನೂ, ಅದರೊಡನೆ ಬರುವ ಬಿಸಿಯನ್ನೂ, ಫ್ಯಾನನ್ನೂ, ತೂಕವನ್ನೂ ಉಳಿಸುತ್ತದೆ. 2020ರ ನವೆಂಬರಿನಲ್ಲಿ ಆಪಲ್ ತನ್ನ ಎಂ1 ಚಿಪ್ಪಿನ ಮ್ಯಾಕ್‌ಬುಕ್ ಏರ್ ಅನ್ನು ಫ್ಯಾನೇ ಇಲ್ಲದೆ 1.29 ಕಿಲೋ ತೂಕದಲ್ಲಿ ತಂದಾಗ, ಈ ಮಾತು ಎಲ್ಲರಿಗೂ ಕಣ್ಣಿಗೆ ಕಾಣುವಂತಾಯಿತು.

ನನಗೆ ಕೊನೆಗೆ ದಾರಿ ತೋರಿದ್ದು ಒಂದು ಪ್ರಶ್ನೆ: ನಾನು ಒಂದು ಪ್ಲಗ್ಗಿನಿಂದ ಇನ್ನೊಂದು ಪ್ಲಗ್ಗಿಗೆ ಹೋಗುವವನೋ, ಎರಡು ಪ್ಲಗ್ಗುಗಳ ನಡುವೆ ಕೆಲಸ ಮಾಡುವವನೋ? ಮದುವೆಯ ವಿಡಿಯೊ ಮಾಡುವ ನನ್ನ ಗೆಳೆಯರೊಬ್ಬರು ಮುಹೂರ್ತದ ದೃಶ್ಯಗಳನ್ನು ಸಂಕಲನ ಮಾಡಿ ಆರತಕ್ಷತೆಯ ಪರದೆಯ ಮೇಲೆ ಸಂಜೆಯೇ ತೋರಿಸಬೇಕು. ಕಲ್ಯಾಣ ಮಂಟಪದಲ್ಲಿ ಪ್ಲಗ್ಗಿಗೂ ಮೇಜಿಗೂ ಕೊರತೆಯಿಲ್ಲ, ಆದ್ದರಿಂದ ಅವರಿಗೆ ಭಾರವಾದ ಯಂತ್ರವೇ ಸರಿ, ಅವರಿಗೆ ನಾನು ಬೇರೆ ಸಲಹೆ ಕೊಡಲಾರೆ. ಹಾಸ್ಟೆಲ್ ಕೋಣೆಯಲ್ಲಿ ಡೆಸ್ಕ್‌ಟಾಪಿಗೆ ಜಾಗವಿಲ್ಲದ ಎಂಜಿನಿಯರಿಂಗ್ ವಿದ್ಯಾರ್ಥಿಗೂ ಇದೇ ಮಾತು ಅನ್ವಯಿಸುತ್ತದೆ. ನನ್ನದು ಹಾಗಲ್ಲ. ಕೆರೆಯ ಬಳಿ ನನಗೆ ಬೇಕಾದದ್ದು ಹಳೆಯ ನಕ್ಷೆಯನ್ನು ತೆರೆಯುವುದು, ನೀರಗಂಟಿಯವರು ತೂಬು ಇದ್ದ ಜಾಗವನ್ನು ಬೆರಳಿಟ್ಟು ತೋರಿಸಿದಾಗ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಅದನ್ನು ಗುರುತು ಮಾಡಿಕೊಳ್ಳುವುದು, ಪಂಚಾಯಿತಿಯವರಿಗೆ ಪರದೆಯನ್ನು ತಿರುಗಿಸಿ ತೋರಿಸುವುದು, ಇಷ್ಟೇ.

ಹೀಗಾಗಿ ಇನ್ನೊಂದು ದೊಡ್ಡ ಲ್ಯಾಪ್‌ಟಾಪಿಗೆಂದು ಎತ್ತಿಟ್ಟಿದ್ದ ಹಣಕ್ಕೆ ಸ್ವಲ್ಪ ಸೇರಿಸಿ, ಮನೆಗೆ 64 ಜಿಬಿ ರ‍್ಯಾಮ್ ಇರುವ ಡೆಸ್ಕ್‌ಟಾಪನ್ನೂ ಚೀಲಕ್ಕೆ 1.2 ಕಿಲೋದ ಲ್ಯಾಪ್‌ಟಾಪನ್ನೂ ತೆಗೆದುಕೊಂಡೆ. ಹಗುರವಾದದ್ದನ್ನು ಆರಿಸುವಾಗ ಎರಡು ವಿಷಯಗಳಲ್ಲಿ ನಾನು ಹಟ ಹಿಡಿದೆ. ಇಂಥ ಅನೇಕ ಯಂತ್ರಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುವುದರಿಂದ ಮುಂದೆ ಏರಿಸಲು ಬರುವುದಿಲ್ಲ, ಆದ್ದರಿಂದ ಮೊದಲೇ 32 ಜಿಬಿ ಇರುವುದನ್ನು ಕೊಂಡೆ. ಪರದೆಯ ಬೆಳಕು 500 ನಿಟ್ಸ್ ಇರುವುದನ್ನೇ ಹುಡುಕಿದೆ, ಏಕೆಂದರೆ ಹಳೆಯದರ 250 ನಿಟ್ಸ್ ಪರದೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ನನ್ನ ಮುಖವೇ ಕಾಣುತ್ತಿತ್ತು, ನಕ್ಷೆ ಕಾಣುತ್ತಿರಲಿಲ್ಲ. ಹೊರಗೆ ಕಾಣದ ಪರದೆಯಿರುವ ಯಂತ್ರ ಎಷ್ಟೇ ಹಗುರವಿದ್ದರೂ ಅದನ್ನು ಹೊತ್ತೊಯ್ಯುವುದರಲ್ಲಿ ಅರ್ಥವಿಲ್ಲವೆಂದು ನಾನು ಬಲವಾಗಿ ನಂಬುತ್ತೇನೆ. ಚಾರ್ಜರು ಫೋನಿನದೇ ಟೈಪ್-ಸಿ ಬಗೆಯದಾದ್ದರಿಂದ 800 ಗ್ರಾಂ ಇಟ್ಟಿಗೆಯ ಭಾರವೂ ಇಳಿಯಿತು.

ಕಳೆದುಕೊಂಡದ್ದೂ ಒಂದಿದೆ. ಚಿತ್ರಗಳ ನಡುವೆ ಎಲ್ಲಾದರೂ ಜಾಗ ಬಿಟ್ಟುಹೋಗಿದ್ದರೆ ಅದು ರಾತ್ರಿ ಮನೆಯಲ್ಲಿ ತಿಳಿಯುತ್ತದೆ, ಆಗ ಇನ್ನೊಂದು ದಿನ ಅಷ್ಟು ದೂರ ಮತ್ತೆ ಹೋಗಬೇಕು. ಇದಕ್ಕಾಗಿ ಈಗ ಏರಿಯ ಮೇಲೆಯೇ ಚಿತ್ರಗಳನ್ನು ಚಿಕ್ಕದಾಗಿಸಿ, ಓಪನ್‌ಡ್ರೋನ್‌ಮ್ಯಾಪ್‌ನಲ್ಲಿ ಎತ್ತರದ ಪೂರ್ಣ ಲೆಕ್ಕವನ್ನು ಬಿಟ್ಟು ಬೇಗನೆ ನಕ್ಷೆ ಕೊಡುವ ಆಯ್ಕೆಯನ್ನು ಬಳಸುತ್ತೇನೆ. ಮುಕ್ಕಾಲು ಗಂಟೆ ಹಿಡಿಯುತ್ತದೆ, ಬ್ಯಾಟರಿಯ ಮೂರನೆಯ ಒಂದು ಭಾಗ ಖರ್ಚಾಗುತ್ತದೆ. ಬರುವ ನಕ್ಷೆ ಒರಟಾದದ್ದು, ಯಾರಿಗೂ ಕೊಡುವಂಥದ್ದಲ್ಲ. ಆದರೆ ಕಳೆದ ವಾರ ಕೋಡಿಯ ಪಕ್ಕದಲ್ಲಿ ಒಂದು ಬಿಳಿಯ ತೇಪೆ ಅದರಲ್ಲಿ ಸ್ಪಷ್ಟವಾಗಿ ಕಂಡಿತು, ಬಿಸಿಲು ಇಳಿಯುವ ಮೊದಲೇ ಡ್ರೋನನ್ನು ಆ ಮೂಲೆಗೆ ಮತ್ತೊಮ್ಮೆ ಹಾರಿಸಿ ಸಂಜೆಯ ಬಸ್ಸು ಹಿಡಿದೆ.