ಆ ಕಾಗದ ಯಾರ್ಯಾರ ಕೈ ದಾಟಿ ಬಂತು?

ಒಂಬತ್ತನೇ ತರಗತಿಗೆ ಮೊದಲ ಮಹಾಯುದ್ಧದ ಪಾಠ. ಎರಡು ಪಿರಿಯಡ್ ಒಟ್ಟಿಗೆ ಸಿಕ್ಕಿದ್ದರಿಂದ ಪಠ್ಯಪುಸ್ತಕ ಮುಚ್ಚಿಸಿ, ಐದೈದು ಮಕ್ಕಳ ಗುಂಪಿಗೆ ಒಂದು ಫೋಟೊ, ಆ ಯುದ್ಧಕ್ಕೆ ಹೋಗಿದ್ದ ಭಾರತೀಯ ಸಿಪಾಯಿ ಊರಿಗೆ ಬರೆಸಿದ ಒಂದು ಕಾಗದ ಹಂಚಿದೆವು.

ಫೋಟೊ 1915ರದು: ಇಂಗ್ಲೆಂಡಿನ ಬ್ರೈಟನ್ ಅರಮನೆಯಲ್ಲಿ ತೆರೆದ ಆಸ್ಪತ್ರೆ, ಸಾಲು ಮಂಚಗಳಲ್ಲಿ ಗಾಯಗೊಂಡ ಭಾರತೀಯ ಸಿಪಾಯಿಗಳು. ಎ4 ಹಾಳೆಗಿಂತ ಚಿಕ್ಕದಾಗಿ ಮುದ್ರಿಸಿದರೆ ಹಿಂದಿನ ಮುಖಗಳು ಕಾಣುವುದಿಲ್ಲ. ಅಡಿಬರಹವನ್ನು ಮಡಚಿಡಬೇಕು, ಅದನ್ನು ಓದಿದ ಮಗು ಮತ್ತೆ ಚಿತ್ರ ನೋಡುವುದೇ ಇಲ್ಲ. ಫೋಟೊದ ಮುಕ್ಕಾಲು ಭಾಗ ಮುಚ್ಚಿ, ಒಂದೊಂದೇ ಕಾಲುಭಾಗವನ್ನು ಎರಡೆರಡು ನಿಮಿಷ ನೋಡಲು ಬಿಟ್ಟೆವು. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ: ಕಂಡದ್ದು, ಊಹಿಸಿದ್ದು, ಕೇಳಬೇಕಾದದ್ದು. ‘ಸಿಪಾಯಿಗಳು ನೆಮ್ಮದಿಯಾಗಿದ್ದಾರೆ’ ಎಂದು ಹಲವರು ಮೊದಲ ಕಾಲಮ್ಮಿನಲ್ಲೇ ಬರೆದರು. ಅದನ್ನು ಎರಡನೆಯದಕ್ಕೆ ಸರಿಸಿದ ಮೇಲೆ, ಇಂಥ ಚಿತ್ರಗಳನ್ನು ಸರ್ಕಾರ ಪ್ರಚಾರಕ್ಕೂ ಬಳಸಿತ್ತೆಂದು ಹೇಳಿದೆವು. ಮೊದಲೇ ಹೇಳಿಬಿಟ್ಟರೆ ಮಕ್ಕಳು ಚಿತ್ರವನ್ನೇ ಸುಳ್ಳೆಂದು ತಳ್ಳಿಹಾಕುತ್ತಾರೆ.

ಹೆಚ್ಚು ಹೊತ್ತು ಬೇಕಾದದ್ದು ಕಾಗದಕ್ಕೆ. ಓದು ಬರಹ ಬಾರದ ಸಿಪಾಯಿ ಹೇಳುತ್ತಿದ್ದ, ಇನ್ನೊಬ್ಬ ಬರೆಯುತ್ತಿದ್ದ. ಸಿಪಾಯಿಗಳ ಕಾಗದಗಳನ್ನು ತಪಾಸಣೆ ಮಾಡಲು ಫ್ರಾನ್ಸಿನ ಬೂಲೋನ್‌ನಲ್ಲಿದ್ದ ಸೆನ್ಸಾರ್ ಕಚೇರಿ ಅದನ್ನು ಓದಿ, ಆಯ್ದ ಭಾಗಗಳನ್ನು ಇಂಗ್ಲಿಷಿಗೆ ಅನುವಾದಿಸುತ್ತಿತ್ತು. ಊರಿನಲ್ಲಿ ಮತ್ತೊಬ್ಬ ಓದಿ ಹೇಳಬೇಕಿತ್ತು. ಬ್ರಿಟಿಷ್ ಲೈಬ್ರರಿಯಲ್ಲಿ ಇಂದು ಸಿಗುವುದು ಹೆಚ್ಚಾಗಿ ಆ ಇಂಗ್ಲಿಷ್ ತುಣುಕುಗಳೇ. ಮಕ್ಕಳ ಕೈಯಲ್ಲಿದ್ದ ಕನ್ನಡ ನಾವು ಮಾಡಿದ್ದು. ಇದನ್ನು ಬಾಯಲ್ಲಿ ಹೇಳಿದರೆ ಸಾಲದು, ಹಾಳೆಯ ಮೇಲೆಯೇ ಬರೆದಿರಬೇಕು. ತುಣುಕು ನೂರು ಪದ ಮೀರಿದರೆ ಗುಂಪಿನಲ್ಲಿ ಇಬ್ಬರು ಓದುತ್ತಾರೆ, ಮೂವರು ಕಿಟಕಿ ನೋಡುತ್ತಾರೆ.

ಒಂದು ಕಾಗದದಲ್ಲಿ ಕರಿಮೆಣಸು ಮುಗಿಯಿತು, ಈಗ ಕೆಂಪು ಮೆಣಸು ಬಳಸುತ್ತಿದ್ದಾರೆ ಎಂಬರ್ಥದ ಮಾತಿದೆ. ಮಕ್ಕಳು ಅಡುಗೆಯ ವಿಷಯವೆಂದುಕೊಂಡರು. ಅದು ಸೆನ್ಸಾರ್ ಕಣ್ಣು ತಪ್ಪಿಸುವ ಗುಟ್ಟಿನ ಮಾತು, ಕರಿಮೆಣಸು ಭಾರತೀಯ ಸಿಪಾಯಿಗಳು, ಕೆಂಪು ಬ್ರಿಟಿಷರು ಎಂದು ತಿಳಿದಾಗ ತರಗತಿ ತಾನಾಗಿ ನಿಶ್ಶಬ್ದವಾಯಿತು.

‘ನೀನೇ ಸಿಪಾಯಿ ಎಂದುಕೊಂಡು ಬರೆ’ ಎಂಬ ಚಟುವಟಿಕೆಯನ್ನು ದಯವಿಟ್ಟು ಮಾಡಿಸಬೇಡಿ. ಬರುವುದು ಸಿನಿಮಾ ಸಂಭಾಷಣೆ, ಆ ಮನುಷ್ಯನ ಕಷ್ಟವಲ್ಲ. ಅದರ ಬದಲು ಮನೆಯವರ ಪರವಾಗಿ ಉತ್ತರ ಬರೆಸಿ: ಕಾಗದದಲ್ಲಿ ಇರುವ ಸಂಗತಿಗೇ ಅಂಟಿಕೊಂಡ ಮೂರು ಪ್ರಶ್ನೆ ಸಾಕು. ಅದನ್ನು ಪಕ್ಕದ ಗುಂಪು ಸೆನ್ಸಾರ್ ಆಗಿ ಕೆಂಪು ಪೆನ್ನಿನಲ್ಲಿ ತಿದ್ದಲಿ, ಬರೆದವರು ಅದೇ ಮಾತನ್ನು ಬೇರೆ ದಾರಿಯಲ್ಲಿ ಮತ್ತೆ ಬರೆಯಲಿ. ಮೆಣಸಿನ ಗುಟ್ಟು ಆಗ ಚೆನ್ನಾಗಿ ಅರ್ಥವಾಗುತ್ತದೆ. ಕೊಡಗು, ಬೆಳಗಾವಿಯಂಥ ಕಡೆ ಸೇನೆಯಲ್ಲಿರುವವರ ಮಕ್ಕಳು ಇರುತ್ತಾರೆ. ಸಾವಿನ ಸುದ್ದಿಯ ಕಾಗದವಿದ್ದರೆ ಅವರಿಗೆ ಮುಂಚೆಯೇ ತಿಳಿಸಿ, ಬೇರೆ ಹಾಳೆ ಆರಿಸಿಕೊಳ್ಳಲು ಬಿಡಬೇಕು.

‘ನಮ್ಮ ಕಡೆಯವರೂ ಹೋಗಿದ್ದರಾ?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಹೋಗಿದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಜೋಧಪುರದ ಕುದುರೆ ಪಡೆಯ ಜೊತೆಗೂಡಿ ಮೈಸೂರು ಸಂಸ್ಥಾನದ ಕುದುರೆ ಪಡೆಯಾದ ಮೈಸೂರು ಲ್ಯಾನ್ಸರ್ಸ್ ಕಾದಾಡಿತ್ತು. ಆದರೆ ಆ ಪಡೆ ಇದ್ದದ್ದು ಸೂಯೆಜ್, ಪ್ಯಾಲೆಸ್ಟೈನ್ ಕಡೆ. ಬೂಲೋನ್‌ನ ಕಾಗದಗಳನ್ನು ಮೈಸೂರಿನವರ ಮಾತೆಂದು ಓದಿಸಬಾರದು.